ಹೊಸ ಗ್ರಾಫಿಕ್ಸ್ ಕಾರ್ಡ್ ಬಂದರೂ ಆಟ ತಡವರಿಸುತ್ತಿತ್ತು: ಒಂದು ಪ್ರೊಸೆಸರ್ ಆಯ್ಕೆಯ ಪ್ರಕರಣ

ತಮ್ಮನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಮೂರು ವಾರ ಆಗಿತ್ತು. ಅವನ ಮುಖದಲ್ಲಿ ಖುಷಿ ಇರಲಿಲ್ಲ. "ಕೌಂಟರ್-ಸ್ಟ್ರೈಕ್ 2 ಮೊದಲಿನ ಹಾಗೇ ಇದೆ. ಹೊಗೆ ಎಸೆದು ನಾಲ್ಕೈದು ಜನ ಒಟ್ಟಿಗೆ ಗುಂಡು ಹಾರಿಸಿದ್ರೆ ಸಾಕು, ಚಿತ್ರ ತಡವರಿಸುತ್ತೆ" ಅಂದ. ಆ ಕಾರ್ಡಿಗಾಗಿ ಅವನು ಒಂದು ವರ್ಷ ದುಡ್ಡು ಕೂಡಿಟ್ಟಿದ್ದ. ಮತ್ತೆ ಸ್ವಲ್ಪ ದುಡ್ಡು ಸೇರಿತ್ತು. "ಈ ಸಲ ಪ್ರೊಸೆಸರ್ ತಗೊಳ್ತೀನಿ, ಯಾವುದು ಬೆಸ್ಟ್ ಹೇಳು" ಅಂತ ಕೇಳಿದ.

ಆ ಪ್ರಶ್ನೆಗೆ ನಾನು ಆಗಲೇ ಉತ್ತರ ಕೊಡಲಿಲ್ಲ. ಒಂದು ಸಲ ಊಹೆಯ ಮೇಲೆ ಖರ್ಚು ಮಾಡಿ ಆಗಿತ್ತು. ಎರಡನೇ ಸಲವೂ ಹಾಗೇ ಆಗುವುದು ನನಗೆ ಬೇಡವಾಗಿತ್ತು. ಎರಡು ಭಾನುವಾರ ಕೂತು ನೋಡಿದೆವು. ಏನೇನು ನೋಡಿದೆವು, ಯಾವುದನ್ನು ಏಕೆ ಬಿಟ್ಟೆವು, ಕೊನೆಗೆ ಏನು ಹಾಕಿದೆವು ಅನ್ನುವುದೆಲ್ಲ ಇಲ್ಲಿದೆ.

ಪೆಟ್ಟಿಗೆಯ ಒಳಗೆ ಏನಿತ್ತು

ಪ್ರೊಸೆಸರ್ ಎಎಂಡಿಯ ರೈಜನ್ 5 1600. 2017ರ ಏಪ್ರಿಲ್‌ನಲ್ಲಿ ಬಂದದ್ದು. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಕೋರ್‌ಗಳು ಒಟ್ಟಿಗೆ ನಡೆಸುವ ಕೆಲಸದ ಸಾಲು), ಹೆಚ್ಚೆಂದರೆ 3.6 ಗಿಗಾಹರ್ಟ್ಜ್ ಸುಮಾರಿಗೆ ಓಡುತ್ತದೆ. ಮದರ್‌ಬೋರ್ಡ್ ಬಿ450 ಚಿಪ್‌ಸೆಟ್‌ನ ಸಾದಾ ಬೋರ್ಡು, ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ). 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿಗಳು, ಪೊಟ್ಟಣದ ಮೇಲೆ ವೇಗ 3200 ಅಂತ ಇತ್ತು. ಹೊಸ ಕಾರ್ಡು ಆರ್‌ಎಕ್ಸ್ 6600, 8 ಜಿಬಿಯದ್ದು. ಮಾನಿಟರ್ 1080ಪಿ, 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ). ವಿಂಡೋಸ್ ಒಂದು ಚಿಕ್ಕ ಎಸ್‌ಎಸ್‌ಡಿಯಲ್ಲಿತ್ತು. ಆಟಗಳೆಲ್ಲ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು.

ಕೈಯಲ್ಲಿದ್ದ ದುಡ್ಡಿನಲ್ಲಿ ಒಂದು ಮಧ್ಯಮ ದರ್ಜೆಯ ಪ್ರೊಸೆಸರ್ ಬರುತ್ತಿತ್ತು. ಮೇಲೆ ಸ್ವಲ್ಪ ಉಳಿಯುತ್ತಿತ್ತು. ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರನ್ನೂ ಬದಲಾಯಿಸುವಷ್ಟು ಖಂಡಿತ ಇರಲಿಲ್ಲ.

ಯಾರಿಗಾಗಿ ಯಾರು ಕಾಯುತ್ತಿದ್ದಾರೆ?

ತಮ್ಮನಿಗೆ ಒಂದು ಗೊಂದಲ ಇತ್ತು. "ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 50% ಕೂಡ ದಾಟಲ್ಲ. ಅಂದ್ರೆ ಪ್ರೊಸೆಸರ್ ಆರಾಮಾಗಿದೆ ಅಲ್ವಾ?" ತುಂಬಾ ಜನ ಇಲ್ಲೇ ಎಡವುತ್ತಾರೆ. ಆ ಸಂಖ್ಯೆ 12 ಥ್ರೆಡ್‌ಗಳ ಸರಾಸರಿ. ಒಂದು ಥ್ರೆಡ್ ಪೂರ್ತಿ ತುಂಬಿ ಉಸಿರುಗಟ್ಟುತ್ತಿದ್ದರೂ ಸರಾಸರಿಯಲ್ಲಿ ಅದರ ಪಾಲು ಬರೀ 8.3%. ಆಟಗಳಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಥ್ರೆಡ್ ಇರುತ್ತದೆ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಕಾರ್ಡಿಗೆ ಏನನ್ನು ಬಿಡಿಸಲು ಹೇಳಬೇಕು ಅನ್ನುವ ಲೆಕ್ಕದಲ್ಲಿ ದೊಡ್ಡ ಪಾಲು ಅದರ ಮೇಲೆ ಬೀಳುತ್ತದೆ. ಅದು ನಿಧಾನವಾದರೆ ಉಳಿದ ಕೋರ್‌ಗಳು ಸುಮ್ನೆ ಕೂತಿರುತ್ತವೆ. ಕಾರ್ಡೂ ಕಾಯುತ್ತಾ ಕೂರುತ್ತದೆ.

ಗೋಡೆ ಕಟ್ಟುವ ಮೇಸ್ತ್ರಿಯನ್ನು ನೆನಪಿಸಿಕೊಳ್ಳಿ. ಇಟ್ಟಿಗೆ ತಂದುಕೊಡುವವನು ನಿಧಾನ ಆದರೆ ಮೇಸ್ತ್ರಿ ಎಷ್ಟು ಚುರುಕಾಗಿದ್ದರೂ ಗೋಡೆ ಬೇಗ ಏಳುವುದಿಲ್ಲ. ತಮ್ಮ ಒಂದು ವರ್ಷ ದುಡ್ಡು ಕೂಡಿಟ್ಟು ಒಳ್ಳೆಯ ಮೇಸ್ತ್ರಿಯನ್ನು ಕರೆತಂದಿದ್ದ. ಇಟ್ಟಿಗೆ ಹೊರುವವನು ಮಾತ್ರ ಹಳಬನೇ.

ಇದನ್ನು ಊಹೆಯಾಗಿ ಬಿಡದೆ ಅಳೆದೆವು. ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆ ಬರುವ ರಿವಾಟ್ಯೂನರ್‌ನಿಂದ ಪರದೆಯ ಮೂಲೆಯಲ್ಲಿ ಮೂರು ಅಂಶ ಹಾಕಿಕೊಂಡೆವು: ಕಾರ್ಡಿನ ಬಳಕೆ, ಪ್ರತಿ ಥ್ರೆಡ್ಡಿನ ಬಳಕೆ, ಫ್ರೇಮ್ ಟೈಮ್ (ಒಂದು ಫ್ರೇಮ್, ಅಂದರೆ ಒಂದು ಚಿತ್ರ, ತಯಾರಾಗಲು ಹಿಡಿಯುವ ಹೊತ್ತು). ಕೌಂಟರ್-ಸ್ಟ್ರೈಕ್‌ನಲ್ಲಿ ಕಾರ್ಡಿನ ಬಳಕೆ 60% ಆಸುಪಾಸಿನಲ್ಲೇ ಆಡುತ್ತಿತ್ತು. ಒಂದೆರಡು ಥ್ರೆಡ್ ಮಾತ್ರ ನೆತ್ತಿಗೆ ಮುಟ್ಟಿದ್ದವು. ಆಮೇಲೆ ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿದೆವು. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆ ಆಯಿತು, ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್‌ಗಳು) ಒಂಚೂರೂ ಏರಲಿಲ್ಲ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಕಾರ್ಡಿನ ಭಾರ ಇಳಿಸಿದರೂ ವೇಗ ಹೆಚ್ಚಲಿಲ್ಲ ಅಂದರೆ ತಡೆ ಕಾರ್ಡಿನಲ್ಲಿ ಇಲ್ಲ.

ಸೈಬರ್‌ಪಂಕ್ 2077 ಇನ್ನೂ ಚೆನ್ನಾಗಿ ಅರ್ಥ ಮಾಡಿಸಿತು. ನಗರದ ಜನಜಂಗುಳಿಯಲ್ಲಿ ಕಾರ್ಡು ಅರೆಬರೆ ಕೆಲಸ ಮಾಡುತ್ತಿತ್ತು. ಊರ ಹೊರಗಿನ ಬಯಲಿಗೆ ಹೋದ ಕೂಡಲೇ 98%ಗೆ ಏರಿತು. ಆ ಆಟದಲ್ಲಿ ಜನರ ದಟ್ಟಣೆ ಕಡಿಮೆ ಮಾಡುವ ಒಂದು ಆಯ್ಕೆ ಇದೆ. ಅದನ್ನು ಇಳಿಸಿದಾಗ ನಗರದಲ್ಲೂ ಎಫ್‌ಪಿಎಸ್ ಏರಿತು. ಒಬ್ಬೊಬ್ಬ ದಾರಿಹೋಕನಿಗೂ ಪ್ರೊಸೆಸರ್ ಲೆಕ್ಕ ಹಾಕಬೇಕಲ್ಲ.

ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಮಾತ್ರ ಕಾರ್ಡು ಉದ್ದಕ್ಕೂ ತುಂಬಿತ್ತು. ಆ ಆಟಕ್ಕೆ ಎಂಥ ಪ್ರೊಸೆಸರ್ ತಂದರೂ ಸರಾಸರಿ ಹೆಚ್ಚು ಏರುವುದಿಲ್ಲ. ಇದನ್ನು ತಮ್ಮನಿಗೆ ಮೊದಲೇ ಹೇಳಿದೆ. ಆಮೇಲೆ ಬೇಜಾರು ಆಗಬಾರದು ಅಂತ.

ಇಲ್ಲಿ ಸರಾಸರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 144 ಹರ್ಟ್ಜ್ ಮಾನಿಟರಿಗೆ ಪ್ರತಿ 6.9 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಬೇಕು. 60 ಎಫ್‌ಪಿಎಸ್ ಅಂದರೆ 16.7 ಮಿಲಿಸೆಕೆಂಡ್. ಸರಾಸರಿ 110 ಇದ್ದರೂ ನಡುವೆ ಒಂದು ಫ್ರೇಮ್ 40 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಅದೇ ಚುಚ್ಚುತ್ತದೆ. ಅದಕ್ಕೇ 1% ಲೋ ನೋಡಬೇಕು. ಅತಿ ನಿಧಾನವಾದ 1% ಫ್ರೇಮ್‌ಗಳ ವೇಗ ಅದು. ತಮ್ಮನ ದೂರು ಇದ್ದದ್ದೇ ಅದರ ಬಗ್ಗೆ. ಪ್ರೊಸೆಸರ್ ಸಾಲದೆ ಹೋದಾಗ ಮೊದಲು ಕುಸಿಯುವುದೂ ಅದೇ.

ಖರ್ಚಿಲ್ಲದೆ ಸಿಕ್ಕಿದ್ದು

ಪ್ರೊಸೆಸರ್‌ಗಳ ಪಟ್ಟಿ ತೆರೆಯುವ ಮೊದಲು ಸಿಪಿಯು-ಝಡ್‌ನಲ್ಲಿ ರ‍್ಯಾಮ್ ವೇಗ ನೋಡಿದೆ. 1066 ಮೆಗಾಹರ್ಟ್ಜ್ ಅಂತ ತೋರಿಸಿತು. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುವುದರಿಂದ ಲೆಕ್ಕ ಅದರ ಎರಡರಷ್ಟು, ಅಂದರೆ 2133. ಪೊಟ್ಟಣದ ಮೇಲೆ 3200 ಇದೆಯಲ್ಲ! ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಪೊಟ್ಟಣದ ಮೇಲಿನ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ ಹೀಗೇ ಆಗುತ್ತದೆ. ಕಂಪ್ಯೂಟರ್ ಜೋಡಿಸಿದ ದಿನದಿಂದಲೂ ರ‍್ಯಾಮ್ ನಿಧಾನಗತಿಯಲ್ಲೇ ಇತ್ತು. ನೋಡಿ ನನಗೆ ನಿಜಕ್ಕೂ ಸಂಕಟ ಆಯಿತು.

ಮೊದಲ ಪೀಳಿಗೆಯ ರೈಜನ್‌ಗೆ ಇದು ಚಿಕ್ಕ ವಿಷಯ ಅಲ್ಲ. 1600ರ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿವೆ. ಒಂದೊಂದು ಗುಂಪಿಗೆ 8 ಎಂಬಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿ. ಒಂದು ಗುಂಪಿನ ಕೋರ್ ಇನ್ನೊಂದು ಗುಂಪಿನ ಜೊತೆ ಮಾತಾಡಬೇಕಾದರೆ ಇನ್ಫಿನಿಟಿ ಫ್ಯಾಬ್ರಿಕ್ ಅನ್ನುವ ದಾರಿಯಲ್ಲಿ ಹೋಗಬೇಕು. ಈ ಪೀಳಿಗೆಯಲ್ಲಿ ಆ ದಾರಿಯ ವೇಗ ರ‍್ಯಾಮ್ ವೇಗಕ್ಕೆ ಕಟ್ಟಿಬಿದ್ದಿದೆ. ರ‍್ಯಾಮ್ ನಿಧಾನವಾದರೆ ಪ್ರೊಸೆಸರ್‌ನ ಒಳಗಿನ ಮಾತುಕತೆಯೂ ನಿಧಾನ.

3200ಕ್ಕೆ ಏರಿಸಿದೆ. ಮೂರು ಸಲ ಆನ್-ಆಫ್ ಆಗಿ ಮತ್ತೆ 2133ಕ್ಕೇ ಬಂತು. 1600ಕ್ಕೆ ಅಧಿಕೃತವಾಗಿ ಹೇಳಿರುವ ವೇಗ 2667 ಮಾತ್ರ, ಆದ್ದರಿಂದ ಆಶ್ಚರ್ಯ ಆಗಲಿಲ್ಲ. 2933 ಇಟ್ಟಾಗ ನಿಂತಿತು. ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆವು, ತಪ್ಪು ಬರಲಿಲ್ಲ. ಮಾರನೇ ದಿನ ತಮ್ಮ ಆಡಿ ನೋಡಿ "ತಡವರಿಸೋದು ಸ್ವಲ್ಪ ಕಡಿಮೆ ಆಗಿದೆ, ಆದ್ರೆ ಪೂರ್ತಿ ಹೋಗಿಲ್ಲ" ಅಂದ. ಅಳೆದಾಗಲೂ ಅಷ್ಟೇ ಕಂಡಿತು. ಹಾಗಾದರೆ ಪ್ರೊಸೆಸರ್ ಬದಲಾಯಿಸುವುದರಲ್ಲಿ ಅರ್ಥ ಇದೆ ಅಂತ ಅಲ್ಲಿಗೆ ಖಾತ್ರಿ ಆಯಿತು.

ಬೋರ್ಡು ಉಳಿಸುವುದೋ ಬಿಡುವುದೋ

ತಮ್ಮನ ಕಣ್ಣು ಎಎಂ5 ಮೇಲಿತ್ತು. ಹೊಸ ಸಾಕೆಟ್, ಮುಂದೆಯೂ ಪ್ರೊಸೆಸರ್ ಬರುತ್ತವೆ, ಆಸೆ ಸಹಜ. ಆದರೆ ಎಎಂ5ಗೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರೂ ಹೊಸದು ಬೇಕು. ಇಂಟೆಲ್ ಕಡೆ ಕೋರ್ ಐ5 12400ಎಫ್ ಒಳ್ಳೆಯ ಆಯ್ಕೆ. ಎಲ್‌ಜಿಎ1700 ಸಾಕೆಟ್‌ಗೆ ಡಿಡಿಆರ್4 ಹಿಡಿಯುವ ಬೋರ್ಡುಗಳೂ ಬಂದಿವೆ, ಇದ್ದ ರ‍್ಯಾಮ್ ಉಳಿಯುತ್ತಿತ್ತು. ಆದರೂ ಬೋರ್ಡಿನ ಖರ್ಚು ಬೀಳುತ್ತದೆ. ಅದೇ ದುಡ್ಡಿಗೆ ಬಿ450 ಬೋರ್ಡಿನಲ್ಲೇ ಏನು ಸಿಗುತ್ತದೆ ಅಂತ ಮೊದಲು ನೋಡಬೇಕು ಅಲ್ವಾ?

ಎಎಂ4 ಈ ವಿಷಯದಲ್ಲಿ ಪುಣ್ಯವಂತ ಸಾಕೆಟ್. 2016ರಲ್ಲಿ ಬಂದದ್ದು. 2024ರಲ್ಲೂ ಅದಕ್ಕೆ ಹೊಸ ಪ್ರೊಸೆಸರ್ ಬಂತು. ಆ ಬೋರ್ಡಿನ ತಯಾರಕರ ಪುಟದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ತೆರೆದೆವು. ರೈಜನ್ 5000 ಸರಣಿ ಪೂರ್ತಿ ಇತ್ತು. ಪ್ರತಿಯೊಂದರ ಎದುರು ಕನಿಷ್ಠ ಯಾವ ಬಯೋಸ್ ಬೇಕು ಅಂತಲೂ ಇತ್ತು. ಸಾಕೆಟ್ ಒಂದೇ ಅಂದ ಮಾತ್ರಕ್ಕೆ ಕೂರುತ್ತದೆ ಅಂತ ತಿಳಿಯಬಾರದು. ಇಂಟೆಲ್‌ನ 8ನೇ ಪೀಳಿಗೆ ಬಂದಾಗ ಸಾಕೆಟ್ ಹೆಸರು ಹಳೆಯ ಎಲ್‌ಜಿಎ1151 ಆಗಿಯೇ ಇತ್ತು. ಆದರೂ 100, 200 ಸರಣಿಯ ಬೋರ್ಡುಗಳಿಗೆ ಅದು ಆಗಲಿಲ್ಲ. ಆ ಪಟ್ಟಿ ನೋಡದೆ ಯಾರೂ ದುಡ್ಡು ಕೊಡಬೇಡಿ.

ಇನ್ನೊಂದು ಮಿತಿ ಬೋರ್ಡಿನ ವಿಆರ್‌ಎಂ. ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ಭಾಗ ಅದು. ನಮ್ಮ ಬೋರ್ಡಿನಲ್ಲಿ ಅದರ ಅರ್ಧ ಭಾಗಕ್ಕೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರಲಿಲ್ಲ. ಎಎಂ4ನಲ್ಲಿ 65 ವ್ಯಾಟ್ ಅಂತ ಬರೆದ ರೈಜನ್ 5000 ಪ್ರೊಸೆಸರ್ ಸಾಕೆಟ್‌ನಿಂದ 88 ವ್ಯಾಟ್‌ವರೆಗೆ ಎಳೆಯಬಹುದು. 105 ವ್ಯಾಟ್‌ನದ್ದಕ್ಕೆ ಮಿತಿ 142. ಇಂಥ ಬೋರ್ಡಿಗೆ 65 ವ್ಯಾಟ್‌ನದ್ದೇ ನೆಮ್ಮದಿ.

ಹೆಸರುಗಳ ಬಲೆ, ಕ್ಯಾಶ್‌ನ ಕಥೆ

ಇಲ್ಲೇ ನಾವು ಜಾಸ್ತಿ ಹೊತ್ತು ಕೂತದ್ದು. ಎದುರಿಗೆ ಇದ್ದ ರೈಜನ್‌ಗಳು ಇವು: 3600, 5500, 5600, 5700, 5700ಎಕ್ಸ್, 5700ಎಕ್ಸ್3ಡಿ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಅಂತ ಅನ್ನಿಸುತ್ತದೆ. ಹಾಗಿಲ್ಲ.

ಆಟದ ಕೆಲಸ ಹೇಗಿರುತ್ತದೆ ಅಂದರೆ, ಪ್ರೊಸೆಸರ್‌ಗೆ ಬೇಕಾದ ಮಾಹಿತಿ ಚೂರುಚೂರಾಗಿ ಎಲ್ಲೆಲ್ಲೋ ಇರುತ್ತದೆ. ಒಬ್ಬ ಆಟಗಾರನ ಜಾಗ, ಒಂದು ಬಾಗಿಲಿನ ಸ್ಥಿತಿ, ಒಂದು ಗುಂಡಿನ ದಿಕ್ಕು. ಮುಂದೆ ಯಾವ ಚೂರು ಬೇಕಾಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಅದು ಎಲ್3 ಕ್ಯಾಶ್‌ನಲ್ಲಿ ಇದ್ದರೆ ತಕ್ಷಣ ಸಿಗುತ್ತದೆ. ಇಲ್ಲದಿದ್ದರೆ ರ‍್ಯಾಮ್‌ವರೆಗೆ ಹೋಗಿ ಬರಬೇಕು. ಅಷ್ಟರಲ್ಲಿ ಕೋರ್ ನೂರಾರು ಸೈಕಲ್ (ತನ್ನ ಗಡಿಯಾರದ ಬಡಿತ) ಕಳೆದುಕೊಳ್ಳುತ್ತದೆ. ಗಿಗಾಹರ್ಟ್ಜ್ ಎಷ್ಟೇ ಇದ್ದರೂ ಕಾಯುವ ಹೊತ್ತಿನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಆಟಕ್ಕೆ ಕ್ಯಾಶ್ ಇಷ್ಟು ಮುಖ್ಯ ಆಗುವುದು ಇದಕ್ಕೇ.

ಈ ಕಣ್ಣಿನಿಂದ ಪಟ್ಟಿಯನ್ನು ಮತ್ತೆ ಓದಿ. 5600 ಮತ್ತು 5500 ಎರಡೂ 2022ರ ಏಪ್ರಿಲ್‌ನಲ್ಲಿ ಬಂದವು. ಎರಡಕ್ಕೂ 6 ಕೋರ್, 12 ಥ್ರೆಡ್. ಗರಿಷ್ಠ ವೇಗ 4.4 ಮತ್ತು 4.2 ಗಿಗಾಹರ್ಟ್ಜ್. ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ 5600ರಲ್ಲಿ 32 ಎಂಬಿ ಎಲ್3, 5500ರಲ್ಲಿ 16 ಮಾತ್ರ. 5500 ನಿಜಕ್ಕೆ ಲ್ಯಾಪ್‌ಟಾಪ್ ಕಡೆಯ ಚಿಪ್ಪಿನ ಗ್ರಾಫಿಕ್ಸ್ ಭಾಗವನ್ನು ಆಫ್ ಮಾಡಿ ತಯಾರಿಸಿದ್ದು. ಅದರಲ್ಲಿ ಪಿಸಿಐಇ (ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ) ಹಳೆಯ 3.0 ಮಾತ್ರ ಅನ್ನುವ ಇನ್ನೊಂದು ಕೊರತೆಯನ್ನೂ ಹೇಳುತ್ತಾರೆ. ನಮಗೆ ಅದು ಲೆಕ್ಕಕ್ಕೇ ಬರಲಿಲ್ಲ, ಏಕೆಂದರೆ ಬಿ450 ಬೋರ್ಡೇ 3.0ರದ್ದು. 5600ಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ನಮಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಕ್ಯಾಶ್. ಅದಕ್ಕಾಗಿಯೇ ಕೊಡಬಹುದು.

5700 ಇನ್ನೂ ಮೋಸ ಹೋಗುವಂಥ ಹೆಸರು. ಅದು 8 ಕೋರ್‌ನದ್ದೇ, ಆದರೆ ಅದರಲ್ಲೂ 16 ಎಂಬಿಯೇ. ಕೊನೆಗೆ ಒಂದು 'ಎಕ್ಸ್' ಸೇರಿದರೆ 32 ಎಂಬಿ. ಒಂದು ಅಕ್ಷರ ತಪ್ಪಿದರೆ ಅರ್ಧ ಕ್ಯಾಶ್ ಹೋಯಿತು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರನ್ನು ಎರಡು ಸಲ ಓದಿ ಅಂತ ಕೈಮುಗಿದು ಹೇಳುತ್ತೇನೆ.

3600ರಲ್ಲಿ 32 ಎಂಬಿ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಅದು 16 ಮತ್ತು 16 ಆಗಿ ಒಡೆದಿದೆ. ಕೋರ್‌ಗಳೂ 1600ರ ಹಾಗೆ ಮೂರು ಮೂರರ ಗುಂಪು. 5600 ಝೆನ್ 3 ವಿನ್ಯಾಸದ್ದು. ಅದರಲ್ಲಿ ಆರೂ ಕೋರ್‌ಗಳು ಒಂದೇ ಗುಂಪಿನಲ್ಲಿವೆ, 32 ಎಂಬಿಯೂ ಎಲ್ಲರಿಗೂ ಒಟ್ಟಿಗೆ. ಒಂದು ಕೋರ್‌ಗೆ ಬೇಕಾದರೆ ಅಷ್ಟನ್ನೂ ಬಳಸಬಹುದು. ಒಂದೇ ವೇಗದಲ್ಲಿ ಓಡಿದರೆ ಝೆನ್ 2ಗಿಂತ ಸರಾಸರಿ 19% ಜಾಸ್ತಿ ಕೆಲಸ ಅಂತ ಎಎಂಡಿ ಆಗ ಹೇಳಿಕೊಂಡಿತ್ತು. ನನ್ನ ಅಭಿಪ್ರಾಯದಲ್ಲಿ ಎಎಂ4ನಲ್ಲಿ ಆಟ ಆಡುವವರಿಗೆ ನಿಜವಾದ ಜಿಗಿತ ಇದೇ. ದುಡ್ಡು ತೀರಾ ಕಡಿಮೆ ಇದ್ದರೆ ಮಾತ್ರ 3600.

ಉಳಿದದ್ದು 5700ಎಕ್ಸ್3ಡಿ. 2024ರಲ್ಲಿ ಬಂದದ್ದು. 32 ಎಂಬಿಯ ಮೇಲೆ ಇನ್ನೊಂದು 64 ಎಂಬಿ ಪದರ ಕೂರಿಸಿ 96 ಎಂಬಿ ಮಾಡಿದ್ದಾರೆ. ಗರಿಷ್ಠ ವೇಗ 4.1 ಗಿಗಾಹರ್ಟ್ಜ್, 5600ಕ್ಕಿಂತ ಕಡಿಮೆ. ಆದರೂ ಆಟದಲ್ಲಿ ಅದನ್ನು ಹಿಂದೆ ಹಾಕುತ್ತದೆ. ಕ್ಯಾಶ್ ಬಗ್ಗೆ ನಾನು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತಮ್ಮ ಅದರ ಮೇಲೆ ಮನಸ್ಸು ಇಟ್ಟಿದ್ದ. ನಾನು ತಡೆದೆ. ಒಂದು, ಅದು 105 ವ್ಯಾಟ್ ವರ್ಗದ್ದು. ವಾಸ್ತವದಲ್ಲಿ ಆಟದಲ್ಲಿ ಅಷ್ಟು ಎಳೆಯುವುದಿಲ್ಲ, ಆದರೂ ಒಳ್ಳೆಯ ಕೂಲರ್ ಬೇರೆ ತರಬೇಕು. ಎರಡು, ಆರ್‌ಎಕ್ಸ್ 6600 ಮಧ್ಯಮ ಕಾರ್ಡು. ದೊಡ್ಡ ಆಟಗಳಲ್ಲಿ 5600 ಇದ್ದಾಗಲೇ ತುಂಬಾ ಕಡೆ ಅದು ತನ್ನ ಮಿತಿ ಮುಟ್ಟುತ್ತದೆ. ಆಮೇಲೆ 96 ಎಂಬಿ ಇದ್ದರೂ ಕಾರ್ಡು ಬಿಡಿಸಿದಷ್ಟೇ ಫ್ರೇಮ್. ಮೂರು, ಉಳಿಯುವ ದುಡ್ಡಿಗೆ ಹಾರ್ಡ್ ಡಿಸ್ಕಿನಲ್ಲಿರುವ ಆಟಗಳನ್ನು ಎಸ್‌ಎಸ್‌ಡಿಗೆ ತರಬಹುದು. ಅವನು ಬರೀ ಕೌಂಟರ್-ಸ್ಟ್ರೈಕ್ ಒಂದನ್ನೇ ಆಡುವವನಾಗಿದ್ದರೆ, ಇಲ್ಲವೇ ಮುಂದೆ ದೊಡ್ಡ ಕಾರ್ಡು ಹಾಕುವ ಯೋಚನೆ ಇದ್ದಿದ್ದರೆ, ನಾನೇ ಎಕ್ಸ್3ಡಿ ತಗೋ ಅನ್ನುತ್ತಿದ್ದೆ.

5700ಎಕ್ಸ್ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ಎರಡು ಕೋರ್ ಜಾಸ್ತಿ, ಕ್ಯಾಶ್ ಅಷ್ಟೇ, ಜೊತೆಗೆ ಕೂಲರ್ ಬರುವುದಿಲ್ಲ. ವಿಡಿಯೋ ಎಡಿಟ್ ಮಾಡುವವರಿಗೆ ಸರಿ.

ಇನ್ನೊಂದು ಕಾರಣವೂ 5000 ಸರಣಿಯ ಕಡೆ ತಳ್ಳಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ರೈಜನ್ 5 1600 ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 5600 ಹಾಕಿದರೆ ಆ ಚಿಂತೆಯೂ ಕಳೆಯುತ್ತದೆ.

5600 ಅಂತ ತೀರ್ಮಾನ ಆಯಿತು.

ಹಾಕಿದ ದಿನ

ಹೊಸ ಪ್ರೊಸೆಸರ್ ಮುಟ್ಟುವ ಮೊದಲು ಹಳೆಯದು ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಈ ಕ್ರಮ ತಪ್ಪಿದರೆ ಪರದೆಯೇ ಬರುವುದಿಲ್ಲ. ನಮ್ಮ ಬಯೋಸ್ 2019ರದ್ದು. ತಯಾರಕರ ಟಿಪ್ಪಣಿ ಪ್ರಕಾರ ಮೊದಲು ನಡುವಿನ ಒಂದು ಆವೃತ್ತಿ ಹಾಕಿ, ಆಮೇಲೆ ಹೊಸದಕ್ಕೆ ಹೋಗಬೇಕಿತ್ತು. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಎರಡನ್ನೂ ಹಾಕಿಕೊಂಡೆವು. ಯುಪಿಎಸ್‌ಗೆ ಜೋಡಿಸಿ ಮಾಡಿದೆವು, ನಡುವೆ ಕರೆಂಟ್ ಹೋದರೆ ಬೋರ್ಡು ಕೆಡಬಹುದು.

ಕೂಲರ್ ತೆಗೆಯುವಾಗ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಎಎಂ4 ಪ್ರೊಸೆಸರ್‌ಗಳ ಪಿನ್‌ಗಳು ಪ್ರೊಸೆಸರ್‌ಗೇ ಅಂಟಿರುತ್ತವೆ, ಒಟ್ಟು 1331. ಕೂಲರ್‌ಗೂ ಪ್ರೊಸೆಸರ್‌ಗೂ ನಡುವೆ ಹಚ್ಚಿದ ಹಳೆಯ ಪೇಸ್ಟ್ ಗಟ್ಟಿಯಾಗಿದ್ದರೆ ಕೂಲರ್ ಜೊತೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಅದಕ್ಕೇ ಅರ್ಧ ಗಂಟೆ ಆಟ ಆಡಿಸಿ ಬಿಸಿ ಮಾಡಿ, ಆಫ್ ಮಾಡಿ, ತಂತಿ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ಆದರೂ ಕಿತ್ತು ಬಂತು. ಮೂಲೆಯ ಒಂದು ಪಿನ್ ಸ್ವಲ್ಪ ಬಾಗಿತ್ತು. ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಸಾಲಿನ ನಡುವೆ ತೂರಿಸಿ ನಿಧಾನಕ್ಕೆ ನೇರ ಮಾಡಿದೆ. ಹಳೆಯ ಪ್ರೊಸೆಸರ್ ಆದರೂ ಅದನ್ನು ಹಾಳು ಮಾಡಲು ಮನಸ್ಸು ಬರಲಿಲ್ಲ.

5600ರ ಜೊತೆ ರೈತ್ ಸ್ಟೆಲ್ತ್ ಕೂಲರ್ ಬಂದಿತ್ತು. 1600ರ ಜೊತೆ ಬಂದಿದ್ದ ರೈತ್ ಸ್ಪೈರ್ ಅದಕ್ಕಿಂತ ದಪ್ಪ. ಹಳೆಯದನ್ನೇ ಒರೆಸಿ, ಹೊಸ ಪೇಸ್ಟ್ ಹಚ್ಚಿ ಕೂರಿಸಿದೆವು.

ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದು ಸಂದೇಶ. ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಗುಪ್ತ ಕೀಗಳನ್ನು ಇಟ್ಟುಕೊಳ್ಳುವ ಭಾಗ) ಅಳಿಸಿ ಹೊಸದಾಗಿ ಮಾಡಲೇ, ವೈ ಅಥವಾ ಎನ್ ಒತ್ತಿ ಅಂತ. ತಮ್ಮ ಗಾಬರಿಯಾದ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಇಲ್ಲಿ ಎಚ್ಚರ ಬೇಕು, ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮದರಲ್ಲಿ ಆಫ್ ಇತ್ತು, ವೈ ಒತ್ತಿದೆವು. ಬಯೋಸ್ ಅಪ್‌ಡೇಟ್ ಆದಾಗ ಎಕ್ಸ್‌ಎಂಪಿ ಮತ್ತೆ ಆಫ್ ಆಗಿತ್ತು. ಆನ್ ಮಾಡಿದೆ. ಈ ಸಲ 3200 ಮೊದಲ ಯತ್ನದಲ್ಲೇ ನಿಂತಿತು.

ಆಮೇಲೆ ಅದೇ ನಕ್ಷೆ, ಅದೇ ಸೆಟ್ಟಿಂಗ್ ಇಟ್ಟು ಅಳೆದೆವು. ಕೌಂಟರ್-ಸ್ಟ್ರೈಕ್‌ನಲ್ಲಿ ಮೊದಲು 50ರ ಹತ್ತಿರ ಕುಸಿಯುತ್ತಿದ್ದ 1% ಲೋ ಈಗ 90ರ ಕೆಳಗೆ ಇಳಿಯುವುದು ಅಪರೂಪ. ಫ್ರೇಮ್ ಟೈಮ್ ಗೆರೆ ಮುಳ್ಳುಮುಳ್ಳಾಗಿದ್ದದ್ದು ಸಾಕಷ್ಟು ನೇರ ಆಯಿತು. ಸೈಬರ್‌ಪಂಕ್‌ನ ಜನಜಂಗುಳಿಯಲ್ಲಿ ಕಾರ್ಡಿನ ಬಳಕೆ 95% ದಾಟಿತು. ರೆಡ್ ಡೆಡ್‌ನಲ್ಲಿ ಸರಾಸರಿ ಹೆಚ್ಚುಕಡಿಮೆ ಅಷ್ಟೇ, ನಿರೀಕ್ಷಿಸಿದ ಹಾಗೆ.

ಸೈಬರ್‌ಪಂಕ್‌ನಲ್ಲಿ ಕಾರಿನಲ್ಲಿ ಜೋರಾಗಿ ಹೋಗುವಾಗ ಮಾತ್ರ ಇನ್ನೂ ಒಂದೆರಡು ಕಡೆ ತಡೆಯುತ್ತಿತ್ತು. ಅದು ಹಾರ್ಡ್ ಡಿಸ್ಕ್ ಎಂದು ನನಗೆ ಅನುಮಾನ. ರಸ್ತೆ, ಕಟ್ಟಡಗಳನ್ನು ಅಷ್ಟು ಬೇಗ ಓದಿ ಕೊಡಲು ಅದಕ್ಕೆ ಆಗುತ್ತಿರಲಿಲ್ಲ. ಉಳಿದಿದ್ದ ದುಡ್ಡಿಗೆ ಒಂದು ಎಸ್‌ಎಸ್‌ಡಿ ತಂದು ಆಟವನ್ನು ಅದಕ್ಕೆ ಸಾಗಿಸಿದ ಮೇಲೆ ಅದೂ ನಿಂತಿತು. ನೇರ ಮಾಡಿದ ಪಿನ್ನಿನ 1600 ಈಗ 5600 ಬಂದ ಪ್ಲಾಸ್ಟಿಕ್ ಕವಚದೊಳಗೆ ಕೂತಿದೆ. ಈ ಬೋರ್ಡಿನ ಹೊಸ ಬಯೋಸ್ ಅದನ್ನೂ ಗುರುತಿಸುತ್ತದೆ ಅಂತ ಪಟ್ಟಿಯಲ್ಲಿ ನೋಡಿಕೊಂಡಿದ್ದೇವೆ. ಹೊಸದಕ್ಕೆ ಏನಾದರೂ ಆದರೆ ಅದೇ ದಿನ ಇದನ್ನು ಹಾಕಬಹುದು.